ತುಮರಿ ದ್ವೀಪ ಆಗಿದ್ದು ಯಾವಾಗ?

ಪ್ರಶ್ನೆ: ಮೇಡಂ, ಕಾಲೇಜಿನ ಪ್ರಾಜೆಕ್ಟ್‌ಗೆ ಸಾಗರ ತಾಲ್ಲೂಕಿನ ತುಮರಿಯನ್ನು ಆರಿಸಿಕೊಂಡಿದ್ದೇನೆ. ಎಲ್ಲರೂ ಅದನ್ನು ದ್ವೀಪ ಅಂತಾರೆ, ಮ್ಯಾಪ್‌ನಲ್ಲಿ ಹಾಗೆ ಕಾಣುವುದಿಲ್ಲ. ಜನ ಎಷ್ಟಿದ್ದಾರೆ? ಊರಿನ ಇತಿಹಾಸ ಏನು?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮ್ಯಾಪ್ ಸರಿಯಾಗೇ ಇದೆಯಮ್ಮ. ಮೂರು ಕಡೆ ಶರಾವತಿ ಹಿನ್ನೀರು, ಇನ್ನೊಂದು ಕಡೆ ಘಟ್ಟದ ಕಾಡು. ಕಾಡಿನ ಕಡೆಯಿಂದ ಕೊಲ್ಲೂರಿಗೆ ರಸ್ತೆ ಇದೆ. ಆದರೆ ತಾಲ್ಲೂಕು ಕಚೇರಿ, ದೊಡ್ಡಾಸ್ಪತ್ರೆ ಎಲ್ಲ ಇರುವುದು ನೀರಿನಾಚೆ, ಸಾಗರದಲ್ಲಿ. ಅದಕ್ಕೇ ದ್ವೀಪ ಅನ್ನುವ ಹೆಸರು ನಿಂತಿತು.

ಆ ಕಡೆಯ ಶಾಲೆಯಲ್ಲಿ ನಾನು ಪಾಠ ಮಾಡಿದವಳು. ಅಲ್ಲಿ ದಿನ ನಡೆಯುತ್ತಿದ್ದುದು ಹೊಳೆಬಾಗಿಲು ಅನ್ನುವ ದಡದ ಲಾಂಚಿನ ಟೈಮಿಗೆ. ಬಸ್ಸು, ಜೀಪು, ಅಡಿಕೆ ಮೂಟೆ, ಮದುವೆ ದಿಬ್ಬಣ, ಎಲ್ಲ ಅದರ ಮೇಲೇ ದಾಟಬೇಕು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಗಾಡಿ ಹತ್ತಿಸುತ್ತಿರಲಿಲ್ಲ, ಜನ ಮಾತ್ರ. ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಯಾರಿಗಾದರೂ ಹೆರಿಗೆ ನೋವು ಶುರುವಾದರೆ ಮನೆಯವರಿಗೆ ಕೈಕಾಲು ಆಡುತ್ತಿರಲಿಲ್ಲ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಜನಸಂಖ್ಯೆಯ ಬಗ್ಗೆ ಒಂದು ಮಾತು. ತುಮರಿ ಅಂದರೆ ಒಂದೇ ಊರು ಅಂದುಕೊಳ್ಳಬೇಡ. ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳನ್ನೆಲ್ಲ ಸೇರಿಸಿ ಇಪ್ಪತ್ತು ಸಾವಿರದ ಆಸುಪಾಸು ಅನ್ನುವುದು ರೂಢಿಯ ಲೆಕ್ಕ. ಮನೆಗಳು ದೂರ ದೂರ. ಗುಡ್ಡದ ಬುಡದಲ್ಲಿ ಒಂದು, ತೋಟದ ತಲೆಗೆ ಇನ್ನೊಂದು. ದೀವರು, ಹವ್ಯಕರು, ಜೈನರು, ಹಸಲರು ಹೀಗೆ ಬೇರೆ ಬೇರೆ ಜನ.

ಇತಿಹಾಸಕ್ಕೆ ನಿನ್ನ ಪ್ರಾಜೆಕ್ಟಿನಲ್ಲಿ ಜಾಸ್ತಿ ಪುಟ ಕೊಡು. ಮೊದಲು ಇದು ಹೊಳೆದಂಡೆಯ ಸೀಮೆ. ಜೋಗದ ವಿದ್ಯುತ್ತಿಗಾಗಿ ಮಡೇನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. 1948ರಲ್ಲಿ ವಿದ್ಯುತ್ ಬಂತು, ಒಂದಷ್ಟು ಗದ್ದೆ ಮುಳುಗಿತು. ಅಷ್ಟು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು, ನೀರಿನ ಪೂರ್ತಿ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಸಾಗರ, ಹೊಸನಗರ ತಾಲ್ಲೂಕುಗಳ ನೂರಕ್ಕೂ ಜಾಸ್ತಿ ಹಳ್ಳಿಗಳಿಗೆ ನೀರು ನುಗ್ಗಿತು, ತುಮರಿ ದ್ವೀಪದಂತಾದದ್ದು ಆಗಲೇ. ಹಳೆಯ ಅಣೆಕಟ್ಟೇ ಒಳಗೆ ಹೋಯಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಈಗಲೂ ಮೇಲೆ ಕಾಣುತ್ತದೆ, ಗಟ್ಟಿಯಾಗಿ ಹಾಗೇ ಇದೆ.

ಮೊದಲ ಮುಳುಗಡೆಗೆ ಜಾಗ ಬಿಟ್ಟು ಮೇಲೆ ಬಂದ ಕೆಲವು ಮನೆಗಳವರು ಎರಡನೇ ಸಲವೂ ಎದ್ದು ಹೊರಟರು. ಅವರ ಬಗ್ಗೆ ಬರೆಯದೆ ತುಮರಿಯ ಚರಿತ್ರೆ ಮುಗಿಸಬೇಡ. ಗೇಣಿಗೆ ಉಳುತ್ತಿದ್ದವರ ಪಾಡು ಇನ್ನೂ ಕಷ್ಟ. ಇದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು. ಆದರೂ ಮುಳುಗಡೆ ಹೊತ್ತಿಗೆ ಪಹಣಿಯಲ್ಲಿ ಹೆಸರಿದ್ದದ್ದು ಜಮೀನಿನ ಒಡೆಯರದ್ದು, ಪರಿಹಾರವೂ ಅವರ ಕಡೆಗೇ ಹೋಯಿತು. ಶಿವಮೊಗ್ಗ ಜಿಲ್ಲೆಯ ಬೇರೆ ಕಡೆ ಕಾಡಿನ ಜಾಗ ತೋರಿಸಿ ಕೂರಿಸಿದ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕಾಗಿ ಅಲೆಯುತ್ತಲೇ ಇವೆ. ರಾಜ್ಯಕ್ಕೆ ಬೆಳಕು ಕೊಟ್ಟವರಿಗೆ ಒಂದು ಪತ್ರ ಕೊಡಲು ಇಷ್ಟು ವರ್ಷ ಬೇಕಾ? ನನಗೆ ಇದು ಸಹಿಸಲಾಗದ ಸಂಗತಿ.

ಪ್ರಾಜೆಕ್ಟಿಗೆ ಹೋದಾಗ ಅಂಕಿಅಂಶ ಪಂಚಾಯ್ತಿಯಲ್ಲಿ ಸಿಗುತ್ತದೆ. ಅದಕ್ಕಿಂತ ಮೊದಲು ಎಂಬತ್ತು ದಾಟಿದ ಅಜ್ಜಿಯರ ಹತ್ತಿರ ಕೂತು, ನೀರಿನಡಿ ಹೋದ ಊರುಗಳ ಹೆಸರು, ಗದ್ದೆಗಳ ಹೆಸರು, ಯಾರ ಮನೆ ಎಲ್ಲಿತ್ತು ಎಲ್ಲ ಬರೆದುಕೋ. ಅವರು ಹೋದರೆ ಮತ್ತೆ ಕೇಳಲು ಯಾರೂ ಇರುವುದಿಲ್ಲ.

ಪ್ರಶ್ನೆ: ಸೇತುವೆ ಆದ ಮೇಲೆ ಹೋಗುವುದು ಸುಲಭವಾ?
– ಅದೇ ವಿದ್ಯಾರ್ಥಿನಿ

ಉತ್ತರ: ತುಂಬಾ ಸುಲಭ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ತೆರೆಯಿತು. ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಸಾಗರದಿಂದ ಆವಿನಹಳ್ಳಿ ದಾರಿ ಹಿಡಿ. ಸಂಕ್ರಾಂತಿ ಸಮಯ ಬೇಡ, ಸಿಗಂದೂರು ಚೌಡೇಶ್ವರಿ ಜಾತ್ರೆಗೆ ವಿಪರೀತ ಜನ. ಮಳೆಗಾಲದಲ್ಲಿ ಹೋದರೆ ಒಳಹಳ್ಳಿಗಳಿಗೆ ನಡೆಯುವಾಗ ಉಂಬಳ (ಜಿಗಣೆ) ಹತ್ತುತ್ತವೆ, ಸುಣ್ಣವೋ ಉಪ್ಪೋ ಜೊತೆಗಿರಲಿ.