ಕಪ್ಪು ನಾಯಿಯ ಚಿತ್ರ ಬರೆಸಬೇಕು, ಫೋಟೊ ಹೇಗೆ ತೆಗೆಯಲಿ?

ನಿಮ್ಮ ನಾಯಿಯ ಚಿತ್ರ ಬರೆಸಲು ಕಲಾವಿದರು ಒಳ್ಳೆಯ ಫೋಟೊ ಕೇಳಿದ್ದಾರೆ, ಮೊಬೈಲಿನಲ್ಲಿ ಎಷ್ಟು ಸಲ ತೆಗೆದರೂ ಬರೀ ಕಪ್ಪು ಮುದ್ದೆ ಬರುತ್ತಿದೆ ಅಂದಿದ್ದೀರಿ. ನಾನು ಫೋಟೊ ನೋಡಿಕೊಂಡು ನಾಯಿ, ಬೆಕ್ಕುಗಳ ಚಿತ್ರ ಬರೆಯುವವಳು. ಬರೆಯುವವರಿಗೆ ಏನು ಬೇಕು ಅಂತ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಕಣ್ಣು. ಫೋಟೊ ದೊಡ್ಡದು ಮಾಡಿ ನೋಡಿ. ಪಾಪೆ, ಅದರ ಸುತ್ತಿನ ಬಣ್ಣ, ಅದರೊಳಗೆ ಬಿದ್ದ ಬೆಳಕಿನ ಚುಕ್ಕೆ, ಮೂರೂ ಕಾಣಬೇಕು. ಚುಕ್ಕೆ ಇಲ್ಲದಿದ್ದರೆ ಕಣ್ಣಿಗೆ ಜೀವ ಇರುವುದಿಲ್ಲ. ಊಹೆ ಮಾಡಿ ನಾನೇ ಹಾಕಬಹುದು. ಆದರೆ ಅದು ಯಾವುದೋ ನಾಯಿಯ ಕಣ್ಣಾಗುತ್ತದೆ, ನಿಮ್ಮದರದ್ದಲ್ಲ.

ಈಗ ಕಪ್ಪು ಮುದ್ದೆಯ ವಿಷಯ. ನಾಯಿಯ ಹಿಂದೆ ಬಿಳಿ ಗೋಡೆಯೋ ಬಿಸಿಲೋ ಇದ್ದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಳ್ಳುತ್ತದೆ, ನಾಯಿ ಕತ್ತಲಲ್ಲಿ ಉಳಿಯುತ್ತದೆ. ಹಗಲು ಹೊತ್ತು ಕಿಟಕಿಯ ಪಕ್ಕ ಕೂರಿಸಿ. ನೇರ ಬಿಸಿಲು ಬೇಡ. ಬೆಳಕು ಒಂದು ಬದಿಯಿಂದ ಬರಲಿ, ಹಿಂದೆ ಮಂಕು ಬಣ್ಣದ ಪರದೆಯೋ ಸೋಫಾನೋ ಇರಲಿ. ಫೋನಿನ ಸ್ಕ್ರೀನಿನಲ್ಲಿ ನಾಯಿಯ ಮುಖ ಕಾಣುವ ಜಾಗದಲ್ಲಿ ಬೆರಳು ಒತ್ತಿ, ಅಲ್ಲೇ ಬೆಳಕು ಸ್ವಲ್ಪ ಹೆಚ್ಚಿಸಿ. ಹಿಂದಿನ ಜಾಗ ಬೆಳ್ಳಗಾದರೂ ಪರವಾಗಿಲ್ಲ, ಅದನ್ನು ಯಾರೂ ಬರೆಯುವುದಿಲ್ಲ. ಬದಿಯ ಬೆಳಕಿನಲ್ಲಿ ಕೂದಲು ಯಾವ ಕಡೆ ಹೊರಳಿದೆ ಅಂತ ಗೊತ್ತಾಗುತ್ತದೆ. ಕಪ್ಪು ಅನ್ನುವುದು ಬರೀ ಕಪ್ಪಲ್ಲ ಅಂತಲೂ ಆಗಲೇ ತಿಳಿಯುವುದು. ಒಂದು ನಾಯಿಯಲ್ಲಿ ಕಂದು ಛಾಯೆ ಇರುತ್ತದೆ, ಇನ್ನೊಂದರಲ್ಲಿ ನೀಲಿ ಮಿಂಚು. (ಬಿಳಿ ಬೆಕ್ಕಿಗಾದರೆ ಉಲ್ಟಾ, ಬೆಳಕು ಕಡಿಮೆ ಮಾಡಬೇಕು. ಬೆಕ್ಕಿನ ಪಾಪೆ ಜೋರು ಬೆಳಕಿನಲ್ಲಿ ಸಣ್ಣ ಗೆರೆಯಾಗುತ್ತದೆ, ಮಂದ ಬೆಳಕಿನಲ್ಲಿ ದುಂಡಗಾಗುತ್ತದೆ. ಮನೆಯವರ ನೆನಪಿನಲ್ಲಿರುವ ಮುಖ ಯಾವುದೋ ಆ ಬೆಳಕಿನಲ್ಲೇ ತೆಗೆಯಬೇಕು.)

ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ನಾಯಿ, ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇದೆ. ಬೆಳಕು ಅಲ್ಲಿಂದ ವಾಪಸ್ ಬಂದು ಕಣ್ಣು ಹಸಿರೋ ಹಳದಿಯೋ ಆಗಿ ಹೊಳೆಯುತ್ತದೆ. ಕಣ್ಣಿನ ನಿಜ ಬಣ್ಣ ಹೋಯಿತು ಅಂತಲೇ ಲೆಕ್ಕ.

ನಿಂತುಕೊಂಡು ಮೇಲಿನಿಂದ ತೆಗೆಯಬೇಡಿ. ತಲೆ ದೊಡ್ಡದಾಗಿ ಕಾಲು ಮೊಟಕಾಗಿ ಕಾಣುತ್ತದೆ. ನೆಲದ ಮೇಲೆ ಕೂತುಕೊಳ್ಳಿ, ಬೇಕಾದರೆ ಮಲಗಿ, ಕ್ಯಾಮೆರಾ ಅದರ ಕಣ್ಣಿನ ಮಟ್ಟಕ್ಕೆ ಬರಲಿ. ಮುಖದ ಹತ್ತಿರವೇ ಫೋನು ಹಿಡಿದರೆ ಮೂಗು ಉಬ್ಬಿ ಕಿವಿ ಚಿಕ್ಕದಾಗುತ್ತದೆ. ಸುಮಾರು 2 ಮೀಟರ್ ದೂರ ಕೂತು, ಫೋನಿನಲ್ಲಿ 2 ಪಟ್ಟು ಹತ್ತಿರ ತೋರಿಸುವ ಬೇರೆ ಲೆನ್ಸ್ ಇದ್ದರೆ ಅದನ್ನು ಬಳಸಿ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಬೇಡ, ಅದು ಮೀಸೆಯನ್ನೂ ಕಿವಿಯ ಅಂಚನ್ನೂ ನುಂಗಿಹಾಕುತ್ತದೆ. ಫಿಲ್ಟರೂ ಬೇಡ.

ನಾಯಿಯನ್ನು ಹಿಡಿದು, ಗದರಿಸಿ ಕೂರಿಸಬೇಡಿ. ಕಿವಿ ಹಿಂದಕ್ಕೆ ಹೋದರೆ ಆ ಮುಖ ನಿಮ್ಮ ನಾಯಿಯದ್ದಲ್ಲ, ಹೆದರಿಕೆಯದ್ದು. ತಿರುಗಾಡಿ ಬಂದು ಸ್ವಲ್ಪ ಸುಸ್ತಾಗಿ ಕೂತಾಗ ತೆಗೆಯಿರಿ. ಒಬ್ಬರು ತಿಂಡಿ ಹಿಡಿದು ನಿಮ್ಮ ಹಿಂದೆ ನಿಲ್ಲಲಿ. ವಿಚಿತ್ರ ಸದ್ದು ಮಾಡಿದರೆ ತಲೆ ಓರೆ ಮಾಡಿ ನೋಡುತ್ತದೆ ಅಲ್ವಾ, ಅದು ಒಂದೆರಡು ಸಲ ಮಾತ್ರ. ಆಮೇಲೆ ಅದಕ್ಕೇ ಬೇಜಾರು. ಹಾಗಾಗಿ ಮೊದಲೇ ಫೋನು ಸಿದ್ಧವಾಗಿಟ್ಟುಕೊಂಡು, ಸದ್ದಾದ ಕೂಡಲೇ ಒಂದರ ಹಿಂದೊಂದು ತೆಗೆಯುತ್ತಾ ಹೋಗಿ.

ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಫೋಟೊ ಅಂತ ಹಾಕಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದದ್ದಾದರೆ ಎಡ ಬಲ ಅದಲುಬದಲಾಗಿದೆಯಾ ನೋಡಿ. ಒಮ್ಮೆ ಇಡೀ ಚಿತ್ರ ಮುಗಿಸಿದ ಮೇಲೆ, ಎದೆಯ ಬಿಳಿ ಮಚ್ಚೆ ಇನ್ನೊಂದು ಪಕ್ಕದಲ್ಲಿರಬೇಕಿತ್ತು ಅಂತ ಮನೆಯವರು ಹೇಳಿದರು. ಮೊದಲಿನಿಂದ ಬರೆದೆ. ಈಗ ಮೊದಲೇ ಕೇಳುತ್ತೇನೆ.

ಒಂದೇ ಫೋಟೊ ಆರಿಸಿ ಕಳಿಸಬೇಡಿ, ಹತ್ತು ಹದಿನೈದು ಕಳಿಸಿ. ಇದೇ ನಮ್ಮ ನಾಯಿ ಅಂತ ನಿಮಗೆ ಅನ್ನಿಸುವ ಫೋಟೊ ಮಸುಕಾಗಿದ್ದರೂ ಜೊತೆಗೆ ಹಾಕಿ. ನಾನು ಭಾವವನ್ನು ಅದರಿಂದ, ವಿವರವನ್ನು ಉಳಿದವುಗಳಿಂದ ತೆಗೆದುಕೊಳ್ಳುತ್ತೇನೆ. ನಾಯಿಗೆ ವಯಸ್ಸಾಗಿದ್ದರೆ ಗಲ್ಲದ ನರೆಗೂದಲು ಬೇಕೋ ಬೇಡವೋ ಅಂತಲೂ ಕಲಾವಿದರಿಗೆ ಹೇಳಿಬಿಡಿ. ನನ್ನನ್ನು ಕೇಳಿದರೆ, ಇರಲಿ.