ಮಣ್ಣು ಮುಟ್ಟದೆ ಅಗಸ್ಟಾ ಸ್ಯಾವೇಜ್ ನೆನಪೇ?

ಪತ್ರ: ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯ ಕಪ್ಪು ಶಿಲ್ಪಿ ಅಗಸ್ಟಾ ಸ್ಯಾವೇಜ್ ನೆನಪಿಗೆ ಜನ ಒಟ್ಟಿಗೆ ಕೂತು, ಮಾತಾಡುತ್ತಾ ಜೇಡಿಮಣ್ಣಿನ ಬೊಂಬೆ ಮಾಡುವುದನ್ನು ಕಳೆದ ಸಂಚಿಕೆಯಲ್ಲಿ ಮೆಚ್ಚಿ ಬರೆದಿದ್ದೀರಿ. ಅಷ್ಟು ದೊಡ್ಡ ಕಲಾವಿದೆಗೆ ಇದು ಗೌರವವೇ? ಶಿಲ್ಪಗಳ ಪ್ರದರ್ಶನ, ಬಲ್ಲವರ ಉಪನ್ಯಾಸ ಆಗಬೇಕಿತ್ತು. ನನ್ನ ಮಗಳು ಅಮೆರಿಕದಲ್ಲಿದ್ದಾಳೆ, ಅವಳದೂ ಇದೇ ಅಭಿಪ್ರಾಯ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಕಳಕಳಿ ದೊಡ್ಡದು. ಪ್ರದರ್ಶನವೂ ಬೇಕು, ಉಪನ್ಯಾಸವೂ ಬೇಕು, ಬೇಡ ಅಂದವರು ಯಾರು? ಆದರೆ ಏನನ್ನು ಇಟ್ಟು ಪ್ರದರ್ಶನ ಮಾಡೋದು, ಹೇಳಿ. ಆಕೆಯ ಅತಿ ದೊಡ್ಡ ಕೆಲಸ ಇವತ್ತು ಇಲ್ಲವೇ ಇಲ್ಲ.

1939ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ಆಕೆ ‘ದಿ ಹಾರ್ಪ್’ ಎಂಬ ಶಿಲ್ಪ ಮಾಡಿದರು. ಹಾರ್ಪ್ ಅಂದರೆ ಒಂದು ತಂತಿವಾದ್ಯ. 16 ಅಡಿ ಎತ್ತರ. ಹಾಡುತ್ತಾ ನಿಂತ 12 ಕಪ್ಪು ಗಾಯಕರು, ಎತ್ತರದವರಿಂದ ಗಿಡ್ಡವರವರೆಗೆ ಸಾಲಾಗಿ. ಅವರ ನಿಲುವಂಗಿಯ ನೆರಿಗೆಗಳು ನೇರ ಕೆಳಗಿಳಿದು ವಾದ್ಯದ ತಂತಿಗಳಾಗಿವೆ. ಅವರನ್ನೆಲ್ಲ ಹೊತ್ತ ಒಂದು ದೊಡ್ಡ ಕೈ. ಮುಂದೆ ಮಂಡಿಯೂರಿದ ಯುವಕ. ಎಲ್ಲ ಪ್ಲಾಸ್ಟರ್, ಮೇಲೆ ಕಪ್ಪು ಕಲ್ಲಿನಂತೆ ಕಾಣುವ ಬಣ್ಣ. ಮೇಳ ಮುಗಿಯಿತು. ಕಂಚಿನ ಎರಕ ಹೊಯ್ಯಲು ದುಡ್ಡಿರಲಿಲ್ಲ. ಒಡೆದು ಹಾಕಿದರು! ಬರೆಯುವಾಗಲೂ ಸಂಕಟವಾಗುತ್ತದೆ.

ಹಾಗಾದರೆ ಆಕೆ ಉಳಿದಿರುವುದೆಲ್ಲಿ? ಆಕೆಯಿಂದ ಕಲಿತವರಲ್ಲಿ. ಫ್ಲಾರಿಡಾದ ಗ್ರೀನ್ ಕೋವ್ ಸ್ಪ್ರಿಂಗ್ಸ್‌ನಲ್ಲಿ ಮಣ್ಣಿನ ಬಾತುಕೋಳಿ ಮಾಡುತ್ತಿದ್ದ ಹುಡುಗಿ ಆಕೆ. ಪಾದ್ರಿಯಾಗಿದ್ದ ಅಪ್ಪನಿಂದ ಅದಕ್ಕೇ ಏಟು ತಿಂದಳು. 1923ರಲ್ಲಿ ಫ್ರಾನ್ಸಿನ ಬೇಸಿಗೆ ಕಲಾಶಾಲೆಗೆ ಅರ್ಜಿ ಹಾಕಿದಾಗ, ಕಪ್ಪು ಹೆಣ್ಣೆಂದು ಅಮೆರಿಕದ ಆಯ್ಕೆ ಸಮಿತಿಯೇ ಬಾಗಿಲು ಮುಚ್ಚಿತು. ಆಕೆ ಪತ್ರಿಕೆಗಳಲ್ಲಿ ಬಹಿರಂಗವಾಗಿಯೇ ಪ್ರಶ್ನೆ ಮಾಡಿದರು. ಮುಂದೆ ಹಾರ್ಲೆಮ್‌ನಲ್ಲಿ ಸ್ವಂತ ಸ್ಟುಡಿಯೊ ತೆರೆದು ಮಕ್ಕಳಿಗೆ, ದೊಡ್ಡವರಿಗೆ ಕಲಿಸಿದರು. 1937ರಲ್ಲಿ ಹಾರ್ಲೆಮ್ ಸಮುದಾಯ ಕಲಾಕೇಂದ್ರದ ಮೊದಲ ನಿರ್ದೇಶಕಿಯಾದರು.

ಜೇಕಬ್ ಲಾರೆನ್ಸ್ ಎಂಬ ಹುಡುಗನನ್ನು ಸರ್ಕಾರಿ ಕಲಾ ಯೋಜನೆಗೆ ಸೇರಿಸಲು ಆಕೆ ಕರೆದುಕೊಂಡು ಹೋದರಂತೆ. ವಯಸ್ಸು ಸಾಲದು ಅಂದರು. ಹುಡುಗ ಮರೆತೇಬಿಟ್ಟಿದ್ದ. ಆಕೆ ಮರೆಯಲಿಲ್ಲ. ಮರುವರ್ಷ ಮತ್ತೆ ಕರೆದೊಯ್ದು ಸೇರಿಸಿದರು. ಮುಂದೆ ಆತ ಕಪ್ಪು ಜನರ ವಲಸೆಯ ಕಥೆಯನ್ನು 60 ಚಿತ್ರಗಳಲ್ಲಿ ಬರೆದ. ತನ್ನ ಸ್ಮಾರಕ ಈ ಮಕ್ಕಳ ಕೆಲಸದಲ್ಲೇ ಇರುತ್ತದೆ ಅಂತ ಆಕೆಯೇ ಹೇಳಿದ್ದರು. ಆಕೆಯ ಹೆಸರಲ್ಲಿ ನಾಲ್ಕು ಜನ ಕೂತು ಮಾತಾಡುತ್ತಾ ಮಣ್ಣು ಕಲಸಿದರೆ ಗೌರವ ಕಮ್ಮಿಯಾಗುತ್ತದೆಯೇ?

ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಈ ಅಭ್ಯಾಸದ ಮೇಲೆ. ಕಲೆ ಅಂದರೆ ಹಗ್ಗದ ಆಚೆ ನಿಂತು ನೋಡುವ ವಸ್ತು ಅಂತಾಗಿದೆ. ಬಲ್ಲವರು ಮಾತಾಡಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ನಮ್ಮ ಜಯಂತಿಗಳನ್ನೇ ನೋಡಿ: ಹಾರ, ಶಾಲು, ವಂದನಾರ್ಪಣೆ. ಯಾರ ಜಯಂತಿಯೋ ಅವರು ಜೀವನವಿಡೀ ಮಾಡಿದ ಕೆಲಸಕ್ಕೆ ಅಲ್ಲಿ ಒಬ್ಬರೂ ಕೈ ಹಾಕುವುದಿಲ್ಲ. ಕಂಚಿಗೆ ದುಡ್ಡಿದ್ದವರು ಉಳಿದರು, ಇಲ್ಲದವರು ಹೋದರು ಅಂತ ಸುಮ್ನಿರೋಕೆ ಆಗುತ್ತಾ?

ಶಿಲ್ಪವನ್ನು ಕಣ್ಣಾರೆ ನೋಡಬೇಕು ಅಂತೀರಲ್ಲ, ಅದು ಸರಿಯೇ. ಮಗಳ ಮನೆಗೆ ಹೋದಾಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿ ‘ಗ್ಯಾಮಿನ್’ ಎಲ್ಲಿದೆ ಅಂತ ಕೇಳಿ. ಹಾರ್ಲೆಮ್ ಬೀದಿಯ ಹುಡುಗನೊಬ್ಬನ ತಲೆ. ಓರೆ ಟೋಪಿ, ಮುದುಡಿದ ಅಂಗಿ, ವಯಸ್ಸಿಗೆ ಮೀರಿದ ನೋಟ. ಹಿಂದೊಮ್ಮೆ ಬಾಗಿಲು ಮುಚ್ಚಿಸಿಕೊಂಡಿದ್ದ ಆಕೆಗೆ 1929ರಲ್ಲಿ ವಿದ್ಯಾರ್ಥಿವೇತನ ಕೊಡಿಸಿ ಪ್ಯಾರಿಸ್‌ಗೆ ಕಳಿಸಿದ್ದು ಅದೇ.

– ಸಂ.