ಕೆಲಸ ಬಿಟ್ಟು ಮಕ್ಕಳ ನಾಟಕ ತಂಡ ಸೇರಬಹುದಾ?

'ಒಂದು ವರ್ಷ ಶಾಲೆಗಳಲ್ಲಿ ಆಡಿ ಪಳಗಿ, ಆಮೇಲೆ ದೊಡ್ಡವರ ನಾಟಕಕ್ಕೆ ಹೋಗ್ತೀನಿ' ಅಂದಿದ್ದೀರಲ್ಲ, ಇದೇ ಮಾತು ಹೇಳಿ ನಾನೂ 23ನೇ ವಯಸ್ಸಿನಲ್ಲಿ ಅಮ್ಮನ ಹತ್ತಿರ ಬೈಸಿಕೊಂಡಿದ್ದೆ.

ಏಳು ಜನ, ಒಂದು ಟೆಂಪೋ. ಅರಸೀಕೆರೆ, ಕಡೂರು, ತರೀಕೆರೆ, ಹೊಸದುರ್ಗದ ಕಡೆಯ ಶಾಲೆಗಳು. ಬೆಳಿಗ್ಗೆ ಹತ್ತೂವರೆಗೆ ಒಂದು ಷೋ, ಬಿಸಿಯೂಟ ಮುಗಿದ ಮೇಲೆ ಇನ್ನೊಂದು ಊರಲ್ಲಿ ಎರಡನೆಯದು. ರಾತ್ರಿ ಸಮುದಾಯ ಭವನ, ಇಲ್ಲದಿದ್ದರೆ ತರಗತಿಯ ಬೆಂಚುಗಳನ್ನೇ ಜೋಡಿಸಿಕೊಂಡು ನಿದ್ದೆ. ಊಟದ ಚಿಂತೆ ಇರಲಿಲ್ಲ, ಸ್ನಾನದ್ದೇ ಕಷ್ಟ. ಕೊಬ್ಬರಿ ಎಣ್ಣೆ ಹಚ್ಚಿ ಎಷ್ಟು ಒರೆಸಿದರೂ ಕಿವಿಯ ಹಿಂದೆ ಹಳದಿ ಬಣ್ಣ ಉಳಿದೇ ಇರುತ್ತಿತ್ತು.

ಆಡುತ್ತಿದ್ದದ್ದು ಪುಣ್ಯಕೋಟಿ ಕತೆ. ನಾನು ಅರ್ಬುತ, ಅಂದರೆ ಹುಲಿ. ಮೈಕ್ ಇಲ್ಲ, ಬಯಲು, ಎದುರಿಗೆ ಮುನ್ನೂರು ಮಕ್ಕಳು. ಕೊನೇ ಸಾಲಿಗೂ ಕೇಳಿಸಲಿ ಅಂತ ಗಂಟಲಿನಿಂದ ಗರ್ಜಿಸುತ್ತಿದ್ದೆ. ಹೊಟ್ಟೆಯಿಂದಲ್ಲ, ಗಂಟಲಿನಿಂದ. ತಪ್ಪು ಅಲ್ಲೇ. ಹಾಗೆ ಕಿರುಚಿದಾಗ ಒಳಗಿನ ಧ್ವನಿತಂತುಗಳು ಒಂದಕ್ಕೊಂದು ಬಡಿಯುತ್ತವೆ. ದಿನಕ್ಕೆ ಎರಡು ಷೋ, ಒಂದು ಷೋಗೆ ಆರು ಗರ್ಜನೆ, ನೀವೇ ಲೆಕ್ಕ ಹಾಕಿ. ಸ್ವರ ಒಡೆಯಲು ಶುರುವಾದಾಗ ಇನ್ನೂ ದಡ್ಡತನ ಮಾಡಿದೆ. ಗಂಟಲಿಗೆ ವಿಶ್ರಾಂತಿ ಅಂದುಕೊಂಡು ಟೆಂಪೋದಲ್ಲಿ ಪಿಸುಗುಡುತ್ತಾ ಮಾತಾಡಿದೆ. ಬಲವಂತವಾಗಿ ಪಿಸುಗುಟ್ಟುವುದೂ ಗಂಟಲಿಗೆ ದಂಡನೆಯೇ ಅಂತ ಯಾರಿಗೆ ಗೊತ್ತಿತ್ತು? ಚೀಪುವ ಮಾತ್ರೆ ತಿಂದೆ, ನೋವು ಗೊತ್ತಾಗಲಿಲ್ಲ, ಇನ್ನೂ ಜೋರಾಗಿ ಗರ್ಜಿಸಿದೆ. ನೀರು ಕುಡಿದರೆ ದಾರಿಯಲ್ಲಿ ಟೆಂಪೋ ನಿಲ್ಲಿಸಬೇಕಲ್ಲ ಅಂತ ನೀರೂ ಕಮ್ಮಿ ಮಾಡಿದ್ದೆ.

ಜನವರಿಯ ಒಂದು ಮಧ್ಯಾಹ್ನ, ಹಸು ಮಾತಿನಂತೆ ಗುಹೆಗೆ ವಾಪಸ್ ಬಂದು ನಿಂತಿದೆ, ನಾನು ಬಾಯಿ ತೆರೆದೆ. ಬರೀ ಗಾಳಿ. ಮುಂದಿನ ಸಾಲಿನ ಹುಡುಗನೊಬ್ಬ 'ಹುಲಿಗೆ ನೆಗಡಿ ಕಣೋ' ಅಂದ. ಮುನ್ನೂರು ಮಕ್ಕಳೂ ನಕ್ಕರು. ಪಾಪ, ಹಸುವೇ ನನ್ನ ಮಾತನ್ನೂ ಹೇಳಿ ನಾಟಕ ಮುಗಿಸಿತು.

ಧ್ವನಿತಂತುಗಳ ಮೇಲೆ ಗಂಟು ಬಂದಿತ್ತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ತಿಂಗಳುಗಟ್ಟಲೆ ಓಡಾಡಿ, ಉಸಿರಾಡುವುದನ್ನೇ ಹೊಸದಾಗಿ ಕಲಿತೆ. ಹುಲಿ ಪಾತ್ರ ಒಬ್ಬ ಸಣಕಲು ಹುಡುಗನಿಗೆ ಹೋಯಿತು. ಒಮ್ಮೆ ನೋಡಲು ಹೋದೆ. ಅವನು ಗರ್ಜಿಸಲೇ ಇಲ್ಲ. ಧ್ವಜದ ಕಟ್ಟೆಯ ಹಿಂದಿನಿಂದ ಸುಮ್ನೆ ಬಂದು, ಮೂಸುತ್ತಾ ನಿಂತ. ಕೊನೇ ಸಾಲಿನ ಮಕ್ಕಳು ಎದ್ದು ನಿಂತು ಉಸಿರು ಬಿಗಿಹಿಡಿದಿದ್ದರು. ನನಗೆ ಹೊಟ್ಟೆಕಿಚ್ಚಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಅದಕ್ಕೇ ಹೇಳುವುದು, ಪಳಗುವುದಕ್ಕೆ ಅಂತ ಮಕ್ಕಳ ನಾಟಕಕ್ಕೆ ಬರಲೇಬೇಡಿ. ದೊಡ್ಡವರು ಬೇಜಾರಾದರೂ ಮರ್ಯಾದೆಗೆ ಕೂತಿರುತ್ತಾರೆ, ಮಕ್ಕಳು ಕೂರಲ್ಲ. ನಿಮಗೆ ರಾತ್ರಿಯ ರಂಗ, ಬೆಳಕು, ಊರೂರು ತಿರುಗಾಟ ಬೇಕಿದ್ದರೆ 1985ರಿಂದ ಹೆಗ್ಗೋಡಿನ ನೀನಾಸಂ ತಿರುಗಾಟ ಇದೆ, 1997ರಿಂದ ಸಾಣೇಹಳ್ಳಿಯ ಶಿವಸಂಚಾರ ಇದೆ, ಎರಡೂ ಊರೂರು ಸುತ್ತಿ ನಾಟಕ ಆಡುವ ತಂಡಗಳು, ನೇರ ಅಲ್ಲೇ ಪ್ರಯತ್ನಿಸಿ. ಕೆಲಸ ಬಿಡಬೇಕಾ ಬೇಡವಾ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಬಿಟ್ಟೆ, ಆರು ತಿಂಗಳು ತಮ್ಮನ ಹತ್ತಿರ ಸಾಲ ಮಾಡಿದೆ.

ಮಕ್ಕಳ ಮುಂದೆಯೇ ಆಡಬೇಕು ಅಂದರೆ ಮಾತ್ರ ದಸರಾ ರಜೆ ಮುಗಿಯುತ್ತಲೇ ಸೇರಿಕೊಳ್ಳಿ. ಫೆಬ್ರವರಿ ಬಂತೆಂದರೆ, ಪರೀಕ್ಷೆ ಅಂತ ಹೆಡ್‌ಮಾಸ್ಟರು ಗೇಟಿನಲ್ಲೇ ಕೈ ಮುಗಿದುಬಿಡುತ್ತಾರೆ.